ಹುಳಿ ನೆಲಕ್ಕೆ ಬೂದಿ ಬೇಡಿದ ಮುದುಕಮ್ಮ

ನಮ್ಮ ಮನೆತನದ ಹೊಲಗಳಲ್ಲೆಲ್ಲ ಕೆಟ್ಟದ್ದೆಂದರೆ ಹೇಮಗುಡ್ಡದ ಬುಡದ ಮೂರು ಎಕರೆ ಕೆಂಪು ನೆಲ. ಮಣ್ಣು ನಾಲಿಗೆಗಿಟ್ಟರೆ ಹುಳಿ. ಸಜ್ಜೆ ಬಿತ್ತಿದರೆ ಗೇಣುದ್ದ ಬೆಳೆದು ಹಳದಿಯಾಗಿ ಕೂತುಬಿಡುತ್ತಿತ್ತು. ೧೯೩೮ರಲ್ಲಿ ನಮ್ಮಜ್ಜ ಕಾಳಪ್ಪನ ತಮ್ಮ ತೀರಿಕೊಂಡಾಗ, ಮಕ್ಕಳಿಲ್ಲದ ಅವನ ಹೆಂಡತಿ ಮುದುಕಮ್ಮನಿಗೆ ಅಜ್ಜ ಪಾಲೆಂದು ಕೊಟ್ಟದ್ದು ಅದನ್ನೇ. ಹೆಸರು ಮುದುಕಮ್ಮನಾದರೂ ಆಗ ಆಕೆಗೆ ಮೂವತ್ತೂ ತುಂಬಿರಲಿಲ್ಲ.

"ಮೂರು ವರ್ಷ ನೋಡು. ಬೆಳೀಲಿಲ್ಲಂದ್ರ ಹೊಲ ನಮಗ ಬಿಟ್ಟು ತವರಿಗೆ ಹೋಗು" ಎಂದು ಪಂಚರ ಮುಂದೆ ಹೇಳಿದ. ಅಜ್ಜನ ಆ ಉದಾರತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತವರಿನಲ್ಲಿ ಆಕೆಗೆ ಯಾರೂ ಉಳಿದಿರಲಿಲ್ಲ.

ಹುಳಿ ಮುರಿಯಲು ಬೂದಿ ಬೆರೆತ ತಿಪ್ಪೆಗೊಬ್ಬರ ಬೇಕೆಂದು ಆಕೆಗೆ ಗೊತ್ತಿತ್ತು. ಆದರೆ ತಿಪ್ಪೆ ಬೆಳೆಯುವುದು ತುಂಬಿದ ಮನೆಯಲ್ಲಿ. ಒಬ್ಬಳಿಗೆ ದಿನಕ್ಕೆ ಎರಡು ರೊಟ್ಟಿ ಸುಟ್ಟರೆ ಒಲೆಯಲ್ಲಿ ಉಳಿಯುವುದು ಹಿಡಿ ಬೂದಿ. ಕೂಲಿ ಮಾಡಿ ಹೊಟ್ಟೆ ಹೊರೆಯುತ್ತ, ದಾರಿಯ ಸಗಣಿ, ಹೊಂಗೆ ಎಲೆ ತಂದು ಗುಂಡಿಗೆ ಹಾಕಿದಳು. ಬೂದಿಗಾಗಿ ದಿನಾ ಮುಂಜಾನೆ ಬುಟ್ಟಿ ಹಿಡಿದು ಮನೆಮನೆ ತಿರುಗಿದಳು. ಮಂಗಳವಾರ, ಶುಕ್ರವಾರ ಬೂದಿ ಹೊರಗೆ ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆಂದು ನಮ್ಮವರು ಬಾಗಿಲಲ್ಲೇ ಸಾಗಹಾಕುತ್ತಿದ್ದರು. ಆ ಎರಡು ದಿನ ಪಿಂಜಾರ ಓಣಿಯ ಜೈನಾಬೀಯ ಮನೆಯೊಂದೇ ಗತಿ. ಜೈನಾಬೀ ಬುಟ್ಟಿ ತುಂಬಿಕೊಟ್ಟು, ಕೂಡ್ರಿಸಿ ನಾಲ್ಕು ಮಾತಾಡಿಸುತ್ತಿದ್ದಳು.

ಮೊದಲ ವರ್ಷ ಮುದುಕಮ್ಮ ಅವಸರಕ್ಕೆ ಬಿದ್ದು ಅರೆಕೊಳೆತ ಗೊಬ್ಬರವನ್ನೇ ಚೆಲ್ಲಿದಳು. ಗೆದ್ದಲು ಹತ್ತಿ ಸಸಿಗಳೆಲ್ಲ ಹೋದವು. ಎರಡನೆಯ ವರ್ಷ ಬಿತ್ತಲೇ ಇಲ್ಲ. ಗುಂಡಿಗೆ ನೀರು ಹೊತ್ತು, ತಿರುವಿ ಹಾಕಿ, ಕೊಳೆಯಲು ಬಿಟ್ಟಳು. ಒಂಟಿ ಇದ್ದು ತಲೆ ಕೆಟ್ಟಿದೆ ಎಂದು ಊರು ನಕ್ಕಿತು.

ಮೂರನೆಯ ವರ್ಷಕ್ಕೆ ಗೊಬ್ಬರ ಚಹಾಪುಡಿಯಂತೆ ಕಪ್ಪಗೆ ಉದುರುದುರಾಗಿತ್ತು. ಸಜ್ಜೆ ಎದೆಯೆತ್ತರ ಬಂತು. ಅಜ್ಜ ಬಂದು ಒಂದು ತೆನೆ ಮುರಿದು ನೋಡಿ, ಬಂದ ದಾರಿ ಹಿಡಿದ. ಹೊಲ ಆಕೆಯದೇ ಆಯಿತು.

ಸುಗ್ಗಿ ಮುಗಿದ ಮೇಲೂ ಆಕೆ ಬುಟ್ಟಿ ಹಿಡಿದು ಜೈನಾಬೀಯ ಮನೆಗೆ ಬರುವುದು ನಿಲ್ಲಲಿಲ್ಲ.

"ನಿನ್ನ ಗುಂಡಿ ತುಂಬಿ ಚೆಲ್ಲಾಕತ್ತೈತಂತಲ್ಲ ಅಕ್ಕಾ, ಇನ್ನ ಬೂದಿ ಯಾಕ?" ಎಂದು ಜೈನಾಬೀ ಕೇಳಿದಳು.

"ಬೂದಿಗಲ್ಲವ್ವಾ" ಎಂದಳು ಮುದುಕಮ್ಮ. "ಮನ್ಯಾಗ ನನ್ನ ಮಾತಾಡ್ಸೋರು ಯಾರದಾರ?"

"ಹಂಗಾರ ನಾಳಿಂದ ಬುಟ್ಟಿ ಬಿಟ್ಟು ಬಾ."

ಮರುದಿನವೂ ಮುದುಕಮ್ಮ ಬುಟ್ಟಿ ತಂದೇ ತಂದಳು. ಮೂರು ವರ್ಷ ಬೂದಿ ಬೇಡಲು ನಾಚದವಳು, ಬರೀ ಮಾತಿಗೆಂದು ಬರಿಗೈಲಿ ಬರಲು ನಾಚಿದಳು. ಜೈನಾಬೀ ಎಂದಿನಂತೆ ಬೂದಿ ತುಂಬಿಕೊಟ್ಟಳು.