ಕಂಕನಾಡಿಯ ಕಾರ್ಡ್ ಕಾಕ

ಕಾಕನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಉಗುರುಗಳನ್ನು ಬುಡದವರೆಗೆ ಕತ್ತರಿಸುತ್ತಿದ್ದ ಅವರು ಅದೊಂದನ್ನು ಕೆಲಸದ ಸಾಮಾನಿನ ಹಾಗೆ ಕಾಪಾಡಿಕೊಂಡಿದ್ದರು. ಡ್ರೋನಿನ ಪಕ್ಕದ ಸೀಳಿನಲ್ಲಿ ಅದನ್ನು ಒತ್ತಿದರೆ ಟಿಕ್ಕೆಂದು ಮೆಮೊರಿ ಕಾರ್ಡು ಹೊರಗೆ ಬರುತ್ತಿತ್ತು. ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು, ತುಂಬಿದ್ದನ್ನು ಬೋರಲಾಗಿ, ಖಾಲಿಯದ್ದನ್ನು ಅಂಗಾತ ಡಬ್ಬಿಯಲ್ಲಿಡುತ್ತಿದ್ದರು.

ಅವರು ಉಳ್ಳಾಲದ ಬ್ಯಾರಿ ಮನೆತನದವರು. ಬಹಳ ವರ್ಷ ಗಲ್ಫಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ ದುಡಿದು, ಊರಿಗೆ ಬಂದು ಕಂಕನಾಡಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು. ಕಾರ್ಡು, ಬ್ಯಾಟರಿ, ಬಾಡಿಗೆಗೆ ಡ್ರೋನು. ಎಲ್ಲರೂ ಕಾಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ನಾನು ಅಲ್ಲಿಗೆ ಮೊದಲು ಹೋದದ್ದು ಅಳು ತಡೆದುಕೊಂಡು. ಶಾಲೆಯ ಕೆಲಸ ಬಿಟ್ಟು ಡ್ರೋನ್ ಕೊಂಡಿದ್ದೆ. ಬಿಕರ್ನಕಟ್ಟೆಯಲ್ಲೊಂದು ಗೃಹಪ್ರವೇಶ ನನ್ನ ಮೊದಲ ಶೂಟಿಂಗ್. ಡ್ರೋನ್ ಇಳಿಸಿದವಳು ರೆಕಾರ್ಡಿಂಗ್ ನಿಲ್ಲಿಸುವ ಮೊದಲೇ ಬ್ಯಾಟರಿ ತೆಗೆದುಬಿಟ್ಟೆ. ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ, ‘ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆ. ಯಾರೋ ಕಾಕನ ಅಂಗಡಿ ತೋರಿಸಿದರು.

“ಹೌದು ಅಂತ ಒತ್ತಿದ್ಯಾ?” ಎಂದು ಕಾಕ ಕೇಳಿದರು.

“ಇಲ್ಲ.”

“ಹಾಗಾದ್ರೆ ಕೂತ್ಕೋ. ಅದು ಕೇಳ್ತದೆ ಮಾರಾಯ್ತಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡ್ಬೇಕೂಂತ ಎಂತ ಉಂಟು?”

ಕಾರ್ಡನ್ನು ಪುನಃ ನನ್ನ ಡ್ರೋನಿಗೇ ಹಾಕಿ ಚಾಲೂ ಮಾಡಿ ಸುಮ್ಮನೆ ಕಾದರು. ಅರ್ಧಕ್ಕೆ ನಿಂತ ಫೈಲನ್ನು ಡ್ರೋನು ತಾನೇ ಸರಿಪಡಿಸಿಕೊಂಡಿತು. ಹಾಲುಕ್ಕಿಸುವ ದೃಶ್ಯವೊಂದನ್ನು ಬಿಟ್ಟು ಎಲ್ಲವೂ ಸಿಕ್ಕಿತು. ಹಾಲು ಉಕ್ಕಿದ್ದು ಮನೆಯೊಳಗೆ, ಡ್ರೋನು ಇದ್ದದ್ದು ಹೊರಗೆ.

ಅಂದಿನಿಂದ ವಾರಕ್ಕೊಮ್ಮೆಯಾದರೂ ಹೋಗತೊಡಗಿದೆ. ಅವರು ಪಾಠ ಮಾಡುವವರಲ್ಲ, ಬೈಯುವವರು. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಬೈಗುಳ. ಯಾವ ಡ್ರೋನಿಗೆ ಹಾಕುತ್ತೇವೋ ಅದರಲ್ಲೇ ಮಾಡಬೇಕು. ಎರಡು ಕಡೆ ನಕಲು ಇಡದೆ ಅಳಿಸಿದರೆ ಇನ್ನೂ ದೊಡ್ಡ ಬೈಗುಳ. “ಕಾರ್ಡು ಅಂದ್ರೆ ಎಂತ? ಸಿಟಿ ಬಸ್ಸು. ಅದ್ರಲ್ಲಿ ಯಾರೂ ಸಂಸಾರ ಹೂಡ್ಲಿಕ್ಕಿಲ್ಲ. ಇದ್ದವರನ್ನು ಇಳಿಸು, ಮತ್ತೆ ಹೊಸಬರನ್ನು ಹತ್ತಿಸು” ಎನ್ನುತ್ತಿದ್ದರು. ಅಗ್ಗದ ಕಾರ್ಡು ಕೇಳಿ ಬಂದವರಿಗೆ, “ಅದು ಇಲ್ಲಿ ಇಲ್ಲ. ಬೇರೆ ಕಡೆ ಉಂಟು, ತಕ್ಕೊಂಡು ಮತ್ತೆ ಕೂತು ಅಳಿ” ಎಂದು ಮುಖಕ್ಕೇ ಹೇಳುತ್ತಿದ್ದರು. ವ್ಯಾಪಾರ ಹಾಗಾಗಿ ಅಷ್ಟಕ್ಕಷ್ಟೆ.

ಅವರನ್ನು ನಾನು ನಿಜವಾಗಿ ಅರಿತದ್ದು ಒಬ್ಬಳು ಹುಡುಗಿಯಿಂದ. ಅವಳ ನಿಶ್ಚಿತಾರ್ಥವನ್ನು ನಾನೇ ಚಿತ್ರಿಸಿದ್ದೆ. ವಿಡಿಯೊ ಕೊಡುವ ಮೊದಲೇ ಸಂಬಂಧ ಮುರಿಯಿತು. ಗಂಡಿನ ಕಡೆಯವರು ವಿಡಿಯೊ ಬೇಕೆಂದು ಫೋನು ಮಾಡುತ್ತಲೇ ಇದ್ದರು. ನಾನು ಅಲ್ಲಿರುತ್ತೇನೆಂದು ತಿಳಿದು ಅವಳು ಒಬ್ಬಳೇ ಕಾಕನ ಅಂಗಡಿಗೆ ಬಂದು, ತನ್ನ ಕಣ್ಣೆದುರೇ ಅಳಿಸಿಬಿಡಿ ಎಂದಳು. ನಾನು ಹಾರ್ಡ್ ಡಿಸ್ಕ್ ಮತ್ತು ಕಾರ್ಡು ಎರಡನ್ನೂ ಅಲ್ಲೇ ಫಾರ್ಮ್ಯಾಟ್ ಮಾಡಿ, “ಆಯ್ತು” ಎಂದೆ. ಅವಳು ಬ್ಯಾಗು ಎತ್ತಿಕೊಂಡಳು.

“ಆಗ್ಲಿಲ್ಲ” ಎಂದರು ಕಾಕ.

ಕಾರ್ಡನ್ನು ತಮ್ಮ ಕಂಪ್ಯೂಟರಿಗೆ ಹಾಕಿ ಏನೋ ಒತ್ತಿದರು. ಸ್ವಲ್ಪ ಹೊತ್ತಿನಲ್ಲಿ ಹಸಿರು ಸೀರೆಯ ಅದೇ ಹುಡುಗಿ ಪರದೆಯ ಮೇಲೆ ನಗುತ್ತಾ ತಲೆಯೆತ್ತಿದಳು. ಇವಳು ಮುಖ ತಿರುಗಿಸಿಕೊಂಡಳು. ಕಾಕ ತಕ್ಷಣ ಪರದೆ ಆರಿಸಿದರು.

“ಬೇಜಾರು ಮಾಡ್ಬೇಡ ಮಗಳೇ. ತೋರಿಸ್ದಿದ್ರೆ ನೀನು ನಂಬಿಕೊಂಡು ಹೋಗ್ತಿದ್ದಿ. ಫಾರ್ಮ್ಯಾಟ್ ಮಾಡಿದ್ರೆ ಮನೆಯ ಬೋರ್ಡು ಮಾತ್ರ ತೆಗೆದ ಹಾಗೆ. ಒಳಗಿನವರು ಒಳಗೇ ಇರ್ತಾರೆ. ಅವರ ಮೇಲೆ ಬೇರೆ ಎಂತಾದ್ರೂ ಬರೀಬೇಕು.” ಸ್ವಲ್ಪ ತಡೆದು ಕೇಳಿದರು: “ಒಂದಾದ್ರೂ ಬೇಕಾ ನಿನಗೆ?”

ಅವಳು ಯೋಚಿಸಿದಳು. “ಅಜ್ಜಿಯದ್ದು. ಡ್ರೋನ್ ನೋಡಿ ಕೈಮುಗಿದ್ರಲ್ಲ, ಅದು.”

ಅದೊಂದನ್ನು ತೆಗೆದು ಅವಳ ಫೋನಿಗೆ ಹಾಕಿಕೊಟ್ಟರು. ಹಾರ್ಡ್ ಡಿಸ್ಕಿನ ಉದ್ದಗಲಕ್ಕೂ ಬೇರೇನನ್ನೋ ಬರೆಯಲು ಕಂಪ್ಯೂಟರಿಗೆ ಹಚ್ಚಿ, ಅಂಗಡಿಗೆ ಬೀಗ ಹಾಕಿ, ನಮ್ಮಿಬ್ಬರನ್ನು ರಿಕ್ಷಾದಲ್ಲಿ ಕೂರಿಸಿ ಉಳ್ಳಾಲದ ಕಡಲ ಬದಿಗೆ ಕರೆದುಕೊಂಡು ಹೋದರು. ಕಾರ್ಡನ್ನು ಡ್ರೋನಿಗೆ ಹಾಕಿ, ನೀರಿನ ಮೇಲೆ ನಿಲ್ಲಿಸಿ, ಬರೀ ಸಮುದ್ರವನ್ನು ರೆಕಾರ್ಡ್ ಮಾಡುತ್ತಾ ಹೋಗು ಎಂದರು. ಬ್ಯಾಟರಿ ಮುಗಿದಾಗ ಇಳಿಸಿ, ಬದಲಿಸಿ, ಮತ್ತೆ ಹಾರಿಸಿದೆ. ಹುಡುಗಿ ಮರಳಿನಲ್ಲಿ ಕೂತು ನನ್ನ ಕೈಯಲ್ಲಿದ್ದ ಪರದೆಯನ್ನೇ ನೋಡುತ್ತಿದ್ದಳು. ಅಲೆ, ಅಲೆ, ಒಂದು ದೋಣಿ, ಮತ್ತೆ ಅಲೆ. ಕಾಕ ಎಲ್ಲಿಂದಲೋ ಕಡಲೆಕಾಯಿ ತಂದರು. ಮೊದಲು ಬೇಡವೆಂದವಳು ಆಮೇಲೆ ಪೊಟ್ಟಣವನ್ನು ಒಬ್ಬಳೇ ಮುಗಿಸಿದಳು. ಕೊನೆಗೆ ಕಾರ್ಡು ತುಂಬಿತು ಎಂದು ಪರದೆ ಹೇಳಿತು.

“ಈಗ ಯಾರು ಹುಡುಕಿದ್ರೂ ನೀರೇ ಸಿಗೂದು” ಎಂದರು ಕಾಕ. ಅವಳು ಆ ದಿನ ಮೊದಲ ಬಾರಿ ನಕ್ಕಳು. ಗಂಡಿನ ಕಡೆಯವರು ಮತ್ತೆ ಫೋನು ಮಾಡಿದಾಗ ಇಲ್ಲವೆಂದು ಧೈರ್ಯವಾಗಿ ಹೇಳಿದೆ. ಅದು ನಿಜವೂ ಆಗಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಒರಗಿದ ಕಾಕ ಏಳಲಿಲ್ಲ. ಹೃದಯದ ತೊಂದರೆ ಇದ್ದದ್ದು ಮನೆಯವರಿಗೆ ಗೊತ್ತಿತ್ತು, ನಮಗೆ ಹೇಳಿರಲಿಲ್ಲ.

ತಿಂಗಳಾದ ಮೇಲೆ ಶಾರ್ಜಾದಿಂದ ಅವರ ಮಗಳು ಫೋನು ಮಾಡಿದಳು. ಅಪ್ಪನನ್ನು ಅವಳು ಉಪ್ಪ ಎನ್ನುತ್ತಿದ್ದಳು. “ಅಕ್ಕಾ, ಉಪ್ಪನ ಸ್ವರ ಇರುವ ವಿಡಿಯೊ ಎಂತಾದ್ರೂ ಉಂಟಾ ನಿಮ್ಮ ಹತ್ರ?”

ನನ್ನಲ್ಲಿ ಅವರ ವಿಡಿಯೊ ಬೇಕಾದಷ್ಟಿದ್ದವು. ಹೊಸ ಕಾರ್ಡು ಪರೀಕ್ಷಿಸುವಾಗಲೆಲ್ಲ ಕೆಳಗೆ ನಿಂತು ಮೇಲೆ ನೋಡುತ್ತಾ ಆಜ್ಞೆ ಕೊಡುತ್ತಿದ್ದವರು ಅವರೇ. ಆದರೆ ನಮ್ಮ ಡ್ರೋನು ಸ್ವರ ಹಿಡಿಯುವುದಿಲ್ಲ. ಹಾಗೆಂದು ಹೇಳಿದೆ. ಆದರೂ ಕಳಿಸಿ ಎಂದಳು.

ಮರುದಿನ ಮತ್ತೆ ಫೋನು. ಒಂದೊಂದೇ ವಿಡಿಯೊ ತೆರೆದು, ಇಲ್ಲಿ ಉಪ್ಪ ಎಂತ ಹೇಳ್ತಿದ್ದಾರೆ, ಇಲ್ಲಿ ಎಂತ ಎಂದು ಕೇಳಿದಳು. ನೆನಪಿದ್ದಷ್ಟನ್ನು ಅವರದೇ ರಾಗದಲ್ಲಿ ಹೇಳಿದೆ. “ಇಳಿಸು ಮಾರಾಯ್ತಿ, ಗಾಳಿ ಬಂತು.” “ಕಾಗೆ, ಕಾಗೆ, ಎಡಕ್ಕೆ ತಿರುಗಿಸು.” ಅವಳು ನಕ್ಕಳು, ಅತ್ತಳು, ಮುಂದಿನದು ಎಂದಳು.

ಒಂದರಲ್ಲಿ ಕಾಕ ದೂರ ಹೋಗಿ ಮರಳಿನಲ್ಲಿ ಕೂತಿದ್ದರು, ಕಿವಿಗೆ ಫೋನು ಒತ್ತಿ ಹಿಡಿದುಕೊಂಡು. “ಇದು ನನಗೆ ಗೊತ್ತಿಲ್ಲ, ಯಾರ ಹತ್ರ ಎಂತ ಹೇಳಿದ್ರೋ” ಎಂದೆ.

“ತಡೀರಿ” ಎಂದು ಅವಳು ಆ ವಿಡಿಯೊವನ್ನು ಮತ್ತೆ ಮೊದಲಿಂದ ನೋಡಿದಳು.

“ತಾರೀಕು ನೋಡಿದೆ ಅಕ್ಕ. ನನ್ನ ಮಗು ಹುಟ್ಟಿದ ದಿನ. ನಾನು ಫೋನನ್ನು ಮಗುವಿನ ಹತ್ರ ಹಿಡಿದಿದ್ದೆ. ಉಪ್ಪ ಎಂತದೂ ಹೇಳ್ಲಿಲ್ಲ ಅಲ್ಲಿ. ಮಗು ಕೂಗೂದು ಕೇಳ್ತಾ ಇದ್ರು.”