ಮಾಘದ ತಿಳಿನೀರು

ಊರ ಬಾವಿಗೆ ಬಿದ್ದದ್ದನ್ನು ಮುಳುಗಿ ತೆಗೆದುಕೊಡುವ ನಿಂಗಪ್ಪ ಉಸಿರು ಬಿಗಿಹಿಡಿದು ಬಾವಿಯ ತಳದಿಂದ ಮೇಲೆ ಬಂದಾಗ ಅವನ ಕೈಯಲ್ಲಿ ತಾಮ್ರದ ಕೊಡವಿತ್ತು. ಮೆಟ್ಟಿಲ ಮೇಲೆ ಕಾಯುತ್ತಿದ್ದ, ಕಂದಲಗಾಂವ ಊರಿನಿಂದ ಬಂದಿದ್ದ ಕಸ್ತೂರಿಯ ತಾಯಿ ಅದನ್ನು ಎದೆಗೆ ಅವಚಿಕೊಂಡಳು.

ಎಪ್ಪತ್ತರ ದಶಕದ ಮಾತು. ನಾನು ವಾಗದರಿಗೆ ಸೊಸೆಯಾಗಿ ಬಂದ ವರ್ಷವೇ, ಶ್ರಾವಣದಲ್ಲಿ, ಆಕೆಯ ಮಗಳು, ನಮ್ಮ ನೆರೆಮನೆಯ ಸೊಸೆ ಕಸ್ತೂರಿ, ಈ ಬಾವಿಯಲ್ಲಿ ಸತ್ತಿದ್ದಳು. ನೀರು ತರಲು ಹೋಗಿ ಕಾಲು ಜಾರಿದಳು ಎಂದರು ಅತ್ತೆಮನೆಯವರು. ಹಾರಿಕೊಂಡಳು ಎಂದಿತು ಊರು. ಮದುವೆಯಲ್ಲಿ ಹೆಸರು ಕೆತ್ತಿಸಿ ಕೊಟ್ಟ ಕೊಡ ತಳದಲ್ಲಿ ಸಿಕ್ಕರೆ ಮಗಳು ನೀರು ತರಲೆಂದೇ ಹೋಗಿದ್ದಳು, ಹಾರಿಕೊಳ್ಳಲಿಲ್ಲ ಎಂದು ನಂಬುತ್ತೇನೆ, ಹುಡುಕಿ ಕೊಡು ಎಂದು ಆ ತಾಯಿ ಮತ್ತೆ ಮತ್ತೆ ಬಂದು ನಿಂಗಪ್ಪನನ್ನು ಬೇಡುತ್ತಿದ್ದಳು.

"ಮಳಿ ನೀರಾಗ ಮುಳುಗಿದ್ರ ನನ್ನ ಕೈ ನನಗ ಕಾಣಂಗಿಲ್ಲ ಯವ್ವಾ. ಮಾಘದಾಗ ನೀರು ತಿಳಿ ಆಗತಾವ, ಆಗ ಬಾ" ಎಂದು ಅವನು ಕಳಿಸುತ್ತಿದ್ದ.

ಈಗ ಮಾಘ ಬಂದಿತ್ತು. ನೀರಿಗೆಂದು ಬಂದು ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಮುಂದೆ ಅವಳು ಕೊಡವನ್ನು ಹಿಡಿದಳು. "ನನಗ ಓದಾಕ ಬರೂದಿಲ್ಲ. ನೀ ಸಾಲಿ ಕಲತಾಕಿ, ನನ್ನ ಮಗಳ ಹೆಸರು ಐತೇನು ನೋಡವಾ."

ಕೊಡದ ಕಂಠದ ಮೇಲೆ ಶಾಂತವ್ವ ಎಂದಿತ್ತು. ಅದು ನಿಂಗಪ್ಪನ ಹೆಂಡತಿಯ ಹೆಸರು; ಅವಳು ದಿನಾ ನೀರಿಗೆ ತರುತ್ತಿದ್ದ ಕೊಡವೇ ಅದು. ಕತ್ತೆತ್ತಿದೆ. ಅವನು ಎದೆಮಟ್ಟ ನೀರಿನಲ್ಲಿ ಕಲ್ಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

"ಕಸ್ತೂರಿ ಅಂತ ಐತ್ರಿ" ಎಂದೆ.

ಆ ತಾಯಿ ಕೊಡವನ್ನು ಸೆರಗಿನಲ್ಲಿ ಸುತ್ತಿಕೊಂಡು ಎಸ್‌.ಟಿ. ಬಸ್ಸು ಹತ್ತಿ ಹೋದಳು. ಸಂಜೆ ಶಾಂತವ್ವ ಮಣ್ಣಿನ ಕೊಡ ಹಿಡಿದು ಬಾವಿಗೆ ಬಂದಳು. ಅವಳು ನೀರು ತುಂಬಿದ ಮೇಲೆ ನಾನೇ ಆ ಕೊಡವನ್ನು ಎತ್ತಿ ಅವಳ ತಲೆಗೆ ಹೊರಿಸಿದೆ.