ಕಾವಿ ನೆಲ, ಹಸಿರು ಗೋಡೆ

ಗೋಡೆಯ ಮೇಲೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಅಂಗೈಯಗಲದ ತೆಳು ಹಸಿರು ಕಲೆ. ಅಮ್ಮ ಬೆರಳಿಟ್ಟು ತೋರಿಸುವಷ್ಟರಲ್ಲಿ ಅದು ಕಿಟಕಿಯ ಕಡೆಗೆ ಸರಿದಿತ್ತಂತೆ.

ಮೂಡಬಿದಿರೆಯಲ್ಲಿ ಕಟ್ಟಿಸಿದ ನಮ್ಮ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಮರುದಿನವೇ ಇತ್ತು. ಮದುವೆಯಾದಂದಿನಿಂದ ಬಾಡಿಗೆ ಮನೆಗಳ ಪಾಚಿ ಕೆರೆದು ಸಾಕಾಗಿದ್ದ ಅಮ್ಮನಿಗೆ ಈ ಬಿಳಿ ಗೋಡೆಯೆಂದರೆ ಪ್ರಾಣ. ಅದಕ್ಕೆ ಈಗಲೇ ಪಾಚಿ ಹಿಡಿಯಿತೆಂದು ನಿರ್ಧರಿಸಿಬಿಟ್ಟಿದ್ದಳು. ನಮ್ಮ ಕಡೆ ಗೋಡೆಯಲ್ಲಿ ಹಸಿರು ಕಂಡರೆ ಯಾರೂ ಬೇರೇನನ್ನೂ ಯೋಚಿಸುವುದಿಲ್ಲ.

"ಇವತ್ತೇ ಇನ್ನೊಂದು ಸಲ ಸುಣ್ಣ ಹೊಡೆಸುವ," ಎಂದಳು ಅಪ್ಪನಿಗೆ. "ನಾಳೆ ನಿಮ್ಮ ಅಕ್ಕ ಬಂದವರು ಮೊದಲು ನೋಡುವುದೇ ಗೋಡೆಯನ್ನು."

"ಇವತ್ತು ಹೊಡೆದದ್ದು ನಾಳೆಗೆ ಒಣಗ್ತದಾ ಮಾರಾಯ್ತಿ? ಬಂದವರೆಲ್ಲ ಬೆನ್ನಿಗೆ ಸುಣ್ಣ ಮಾಡಿಕೊಂಡು ಹೋಗ್ತಾರೆ." ಅಪ್ಪ ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ನನಗೆ ಎಂತದೂ ಕಾಣುವುದಿಲ್ಲ."

"ನಿಮಗೆ ಯಾವಾಗ ಕಂಡದ್ದುಂಟು?"

ನಾನು ಆಗಷ್ಟೇ ಉಜಿರೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ. ಕಲೆ ಸರಿಯಿತು ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪಾಚಿ ಸರಿಯುವುದಿಲ್ಲ. ಅಮ್ಮ ಮಧ್ಯಾಹ್ನದಿಂದ ಹೊಸ ಕಾವಿ ನೆಲವನ್ನು ತೆಂಗಿನೆಣ್ಣೆಯ ಬಟ್ಟೆಯಿಂದ ಉಜ್ಜುತ್ತಿದ್ದಳು. ಕಿಟಕಿಯ ಬಿಸಿಲು ಬಿದ್ದಷ್ಟು ನೆಲ ಕೆಂಡದಂತೆ ಕೆಂಪಗಿತ್ತು. ನಾನೂ ಅಲ್ಲಿ ಕುಳಿತು ಆ ಕೆಂಪನ್ನೇ ದಿಟ್ಟಿಸಿ ತಲೆಯೆತ್ತಿದೆ. ಗೋಡೆಯ ಮೇಲೆ ಹಸಿರು ಅರಳಿತು. ಕಣ್ಣು ಹೊರಳಿಸಿದಲ್ಲಿಗೆ ಅದೂ ಬಂತು, ಮಸುಕಾಯಿತು, ಹೋಯಿತು. ಕೆಂಪಿಗೆ ದಣಿದ ಕಣ್ಣಿಗೆ ಬಿಳಿಯೂ ಹಸಿರಾಗಿ ಕಾಣುತ್ತದೆಂದು ಪರೀಕ್ಷೆಯಲ್ಲಿ ಬರೆದಿದ್ದೆ, ಕಂಡದ್ದು ಈಗ.

"ಅಮ್ಮ, ಇಲ್ಲಿ ಕೂತುಕೋ. ಬಿಸಿಲು ಬಿದ್ದ ಈ ನೆಲವನ್ನೇ ನೋಡು. ನಾನು ಹೇಳುವವರೆಗೆ ತಲೆ ಎತ್ತಬೇಡ."

"ಒಕ್ಕಲಿನ ಹಿಂದಿನ ದಿನ ಇದೊಂದು ಬಾಕಿ ಇತ್ತು," ಎನ್ನುತ್ತಲೇ ಕುಳಿತಳು.

ಸ್ವಲ್ಪ ಹೊತ್ತು ಬಿಟ್ಟು ನಾನೆಂದೆ, "ಈಗ ಅಪ್ಪನ ಮುಂಡನ್ನು ನೋಡು."

ಒಗೆದು ಉಟ್ಟ ಬಿಳಿ ಪಂಚೆ ಅದು. ಅಮ್ಮ ನೋಡಿದಳು, ಮತ್ತೆ ನೋಡಿದಳು, ಸೆರಗನ್ನು ಬಾಯಿಗೆ ಹಿಡಿದಳು.

"ನಿಮ್ಮ ಮುಂಡಿಗೂ ಪಾಚಿ ಬಂದಿದೆ. ಕೂತಲ್ಲೇ ಕೂತರೆ ಮತ್ತೆಂತ ಆಗ್ತದೆ?"

ಸುಣ್ಣದವನಿಗೆ ಹೇಳಿ ಕಳಿಸಲಿಲ್ಲ. ಸಂಜೆಯವರೆಗೂ ಅಮ್ಮ ಕೆಲಸದ ನಡುನಡುವೆ ನೆಲ ನೋಡುವುದು, ಗೋಡೆ ನೋಡುವುದು, ಒಬ್ಬಳೇ ನಗುವುದು ನಡೆದೇ ಇತ್ತು.

ಮರುದಿನ ಬೆಳಿಗ್ಗೆ, ನೆಂಟರು ಬರುವ ಮೊದಲು, ಊಟಕ್ಕೆ ತಂದಿಟ್ಟ ಬಾಳೆಲೆಗಳಲ್ಲಿ ಒಂದನ್ನು ತೆಗೆದು ಬಾಗಿಲಿನ ಎಳೆಬಿಸಿಲಿನಲ್ಲಿ ಹಾಸಿದೆ. ಅದನ್ನೇ ನೋಡುತ್ತ ಕುಳಿತು, ಆಮೇಲೆ ಅಮ್ಮನ ಗೋಡೆಯತ್ತ ತಲೆಯೆತ್ತಿದೆ. ತಿಳಿ ಗುಲಾಬಿ. ಅದು ಮಾಯವಾಗುವವರೆಗೆ ನೋಡಿ, ಎಲೆಯನ್ನು ಒರೆಸಿ, ಕಟ್ಟಿನೊಳಗೆ ಸೇರಿಸಿಟ್ಟೆ.